ಅಧ್ಯಾಯ ಮುಗಿದ ಮೇಲೆ ಚಹಾ

ಅಹಮದಾಬಾದಿನ ಚಾಂದ್‌ಖೇಡಾದ ಆ ಹೌಸಿಂಗ್ ಸೊಸೈಟಿಗೆ ಬಂದ ಮೊದಲ ಮೂರು ತಿಂಗಳು ಬಾಲಚಂದ್ರರಾಯರು ತಮ್ಮ ಕಾರನ್ನು ಒಂದೇ ಒಂದು ಬಕೆಟ್ ನೀರಿನಲ್ಲಿ ತೊಳೆದರು. ಇದಕ್ಕೆ ಕಾರಣ ನೀರಿನ ಮೇಲಿನ ಕಾಳಜಿಯಲ್ಲ, ಎದುರು ಬ್ಲಾಕಿನ ಮೊದಲ ಮಹಡಿಯ ಕಿಟಕಿಯಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಆಕೆ ಬಂದು ಕೂರುವುದು, ಇಟ್ಟಿಗೆ ಗಾತ್ರದ ಕಪ್ಪು ಪುಸ್ತಕವೊಂದನ್ನು ತೆರೆಯುವುದು, ತುಟಿ ಅಲ್ಲಾಡಿಸುವುದು, ನಡುನಡುವೆ ತಲೆಯೆತ್ತಿ ನೇರ ಇವರ ಕಡೆಗೇ ನೋಡುವುದು, ಕೊನೆಗೆ ಪೆನ್ಸಿಲ್ಲಿನಲ್ಲಿ ಏನೋ ಗೀಚಿಕೊಂಡು ಎದ್ದು ಹೋಗುವುದು. ಪೈಪು ಹಿಡಿದು ಕಾರು ತೊಳೆಯಬಾರದೆಂದು ಸೊಸೈಟಿಯವರು ಆಗಷ್ಟೇ ನೋಟಿಸು ಅಂಟಿಸಿದ್ದರು. ಆಕೆ ಕಮಿಟಿಯವಳು, ಅದು ದೂರಿನ ರಿಜಿಸ್ಟರು, ಅದರಲ್ಲಿ ಏರುತ್ತಿರುವುದು ತಮ್ಮ ಹೆಸರು ಎಂದು ರಾಯರು ತೀರ್ಮಾನಿಸಿದರು. ತೈಲ ಕಂಪನಿಯಲ್ಲಿ ಡೆಪ್ಯುಟಿ ಜನರಲ್ ಮ್ಯಾನೇಜರರಾಗಿ ನಿವೃತ್ತರಾದವರಿಗೆ, ಜಗತ್ತಿನಲ್ಲಿ ಯಾರು ಏನು ಬರೆಯುತ್ತಿದ್ದರೂ ಅದು ತಮ್ಮ ಬಗ್ಗೆಯೇ ಇದ್ದೀತು ಅನ್ನಿಸುವುದು ಸಹಜ.

ಕೊನೆಗೊಂದು ದಿನ ಅವರ ಹೆಂಡತಿ ಪದ್ಮಾವತಿ ತರಕಾರಿ ಗಾಡಿಯ ಬಳಿಯಿಂದ ಸೊಪ್ಪಿನ ಜೊತೆಗೆ ಸುದ್ದಿಯನ್ನೂ ತಂದರು. ಆಕೆ ಕಮಿಟಿಯವರಲ್ಲ, ಗುಜರಾತಿನವರೂ ಅಲ್ಲ. ಗದಗ-ಬೆಟಗೇರಿಯವರು, ಕನ್ನಡದವರೇ. ಹೆಸರು ತಬಿಥಾಬಾಯಿ. ಸೊಸೈಟಿಯ ಬಾಯಲ್ಲಿ ತಬಿಥಾಬೆನ್. ರೈಲ್ವೆಯ ರಿಸರ್ವೇಶನ್ ಕೌಂಟರಿನಲ್ಲಿ ಹುಬ್ಬಳ್ಳಿ, ಸೂರತ್, ವಡೋದರಾ, ಅಹಮದಾಬಾದ್ ಎಂದು ಊರೂರು ಸುತ್ತಿ ರಿಟೈರಾದವರು. ಗಂಡ ತೀರಿಕೊಂಡಿದ್ದಾರೆ. ಆ ಕಪ್ಪು ಪುಸ್ತಕ ಬೈಬಲ್ಲು. ದಿನಕ್ಕೊಂದು ಅಧ್ಯಾಯ ಓದುತ್ತಾರೆ, ಓದಿದ ಮೇಲೆ ಅಂಚಿನಲ್ಲಿ ಆ ದಿನದ ತಾರೀಕು ಹಾಕುತ್ತಾರೆ. ತಲೆಯೆತ್ತಿ ನೋಡುವುದು ಇವರನ್ನಲ್ಲ; ಕಣ್ಣಿಗೆ ಬಿಡುವು ಕೊಡಲು ಇವರ ಹಿಂದಿರುವ ನೀರಿನ ಟ್ಯಾಂಕನ್ನು.

ರಾಯರು ಮರುದಿನವೇ ಪೈಪು ಹಿಡಿದರು. ಮೂರು ತಿಂಗಳು ತಮ್ಮನ್ನು ಯಾರೂ ಗಮನಿಸಿರಲೇ ಇಲ್ಲ ಎಂಬುದು ಸಮಾಧಾನ ತರಬೇಕಿತ್ತು. ಯಾಕೋ ಸ್ವಲ್ಪ ಅವಮಾನವನ್ನೇ ತಂದಿತು.

ಬರಬರುತ್ತ ಎರಡು ಮನೆಗಳ ನಡುವೆ ಬಟ್ಟಲುಗಳು ಓಡಾಡತೊಡಗಿದವು. ಆ ಕಡೆಯಿಂದ ಶೇಂಗಾ ಚಟ್ನಿ, ಈ ಕಡೆಯಿಂದ ಬಿಸಿಬೇಳೆಬಾತು. ತಬಿಥಾಬಾಯಿ ಆ ಪುಸ್ತಕಕ್ಕೆ ನಡೆದುಕೊಳ್ಳುವ ಕ್ರಮ ಪದ್ಮಾವತಿಗೆ ಬಾಯಿಪಾಠವಾಯಿತು. ಕೈ ತೊಳೆಯದೆ ಮುಟ್ಟುವುದಿಲ್ಲ. ನೆಲದ ಮೇಲಾಗಲಿ ಹಾಸಿಗೆಯ ಮೇಲಾಗಲಿ ಇಡುವುದಿಲ್ಲ. ಅದರ ಮೇಲೆ ಏನನ್ನೂ ಹೇರುವುದಿಲ್ಲ, ತೆಗೆದ ಕನ್ನಡಕವನ್ನು ಕೂಡ. ಮುಖ್ಯವಾಗಿ, ಆ ದಿನದ ಅಧ್ಯಾಯ ಮುಗಿಯುವ ತನಕ ಒಂದು ಗುಟುಕು ಚಹಾ ಕೂಡ ಇಲ್ಲ. ಕೆಲಸಕ್ಕೆ ಸೇರಿದ ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಾಕಿಕೊಂಡ ನೇಮವಂತೆ. ನಲವತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಹನ್ನೆರಡು ಸಲ ಮೊದಲಿಂದ ಕೊನೆಯ ತನಕ ಮುಗಿಸಿ ಈಗ ಹದಿಮೂರನೇ ಸುತ್ತು.

ತಾಪಿ ನದಿ ಸೂರತ್ ಊರೊಳಕ್ಕೇ ನುಗ್ಗಿದ ವರ್ಷ ತಬಿಥಾಬಾಯಿ ಅಲ್ಲಿನ ಕತಾರ್‌ಗಾಮ್ ಬಡಾವಣೆಯಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಓಣಿಯವರೆಲ್ಲ ಟಿವಿ ಹೊತ್ತು ಮಾಳಿಗೆ ಹತ್ತಿದರೆ ಇವರು ಬೈಬಲ್ಲನ್ನು ದೊಡ್ಡ ಕುಕ್ಕರಿನೊಳಗಿಟ್ಟು ಮುಚ್ಚಳ ಬಿಗಿದು ಹತ್ತಿದರು. ಅಕ್ಕಪಕ್ಕದವರು ಅನ್ನ ಬಂತೆಂದು ತಟ್ಟೆ ಹಿಡಿದು ಕೂತಿದ್ದರಂತೆ. ವಡೋದರಾದ ಆಸ್ಪತ್ರೆಯಲ್ಲಿ ಗಂಡ ತೀರಿಕೊಂಡ ದಿನವೂ ಓದಿದರು. ಅವತ್ತಿನ ಪಾಲಿಗೆ ಬಂದದ್ದು ಬರೀ ವಂಶಾವಳಿ, ಇಂಥವನ ಮಗ ಇಂಥವನು ಎಂಬ ಹೆಸರುಗಳ ಸಾಲು. ಒಂದು ಹೆಸರನ್ನೂ ಬಿಡಲಿಲ್ಲ.

ಇದನ್ನೆಲ್ಲ ಕೇಳಿದ ರಾಯರು ತಮ್ಮ ಮನೆತನದ ಮಾನ ಉಳಿಸಲು, ತಮ್ಮಲ್ಲೂ ಅಜ್ಜನ ಕಾಲದ ಪುರಾಣದ ಪುಸ್ತಕವೊಂದು ಇರುವುದಾಗಿ ಹೇಳಿದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಇವತ್ತಿಗೂ ಒಂದು ಹಾಳೆ ಮುಕ್ಕಾಗಿಲ್ಲ, ಒಂದು ಮೂಲೆ ಮಡಿಚಿಲ್ಲ ಎಂದರು. ಅದರಾಗ ಏನೈತ್ರಿ ಎಂದು ತಬಿಥಾಬಾಯಿ ಕೇಳಿದರು. ಅದು ಓದುವುದಕ್ಕಲ್ಲ, ಪೂಜೆಗೆ ಎಂದರು ರಾಯರು. ತಬಿಥಾಬಾಯಿ ಚಟ್ನಿಯ ಬಟ್ಟಲನ್ನು ಇವರ ಕಡೆ ಸರಿಸಿದರು.

ಆ ವರ್ಷದ ನವರಾತ್ರಿ ಹೊತ್ತಿಗೆ ನಲವತ್ತು ವರ್ಷ ತಿರುವಿಸಿಕೊಂಡ ಬೈಬಲ್ಲು ಬೆನ್ನು ಬಿಚ್ಚಿಕೊಂಡಿತು. ಹೊಸದು ಕೊಳ್ಳಿ ಎಂದರೆ ತಾರೀಕುಗಳನ್ನು ಎಲ್ಲಿಂದ ತರಲಿ ಎನ್ನುತ್ತಾರೆ. ಕೊನೆಗೆ ಪದ್ಮಾವತಿಯ ಮಾತಿನ ಮೇಲೆ ರಾಯರೇ ಅದನ್ನು ಮಂಗಳವಾರ ಊರೊಳಗಿನ ಗಾಂಧಿ ರೋಡಿಗೆ ಒಯ್ದು ಬೈಂಡರನಿಗೆ ಕೊಟ್ಟರು. ಆ ಮುದುಕ ಇದು ಧರ್ಮದ ಪುಸ್ತಕವೇ ಎಂದು ಕೇಳಿ, ಹೌದೆಂದ ಮೇಲೆ ಎದ್ದು ಹೋಗಿ ಅಂಟು ಮೆತ್ತಿದ ಕೈ ತೊಳೆದುಕೊಂಡು ಬಂದು ಆಮೇಲೆ ಮುಟ್ಟಿದ. ಶುಕ್ರವಾರ ಸಂಜೆಗೆ ಕೊಡುತ್ತೇನೆಂದ.

ತಬಿಥಾಬಾಯಿ ಲೆಕ್ಕಾಚಾರದ ಹೆಂಗಸು. ಪುಸ್ತಕ ಕೊಡುವ ಮೊದಲೇ ಬುಧವಾರ, ಗುರುವಾರ, ಶುಕ್ರವಾರದ ಮೂರು ಅಧ್ಯಾಯಗಳನ್ನು ನೋಟುಬುಕ್ಕಿನಲ್ಲಿ ಕೈಯಾರೆ ನಕಲು ಮಾಡಿಕೊಂಡಿದ್ದರು. ಮೂರು ದಿನದ ಬುತ್ತಿ. ಶನಿವಾರದ್ದು ಅದರಲ್ಲಿ ಇರಲಿಲ್ಲ.

ಶನಿವಾರ ಸಪ್ತಮಿ. ಚಾಂದ್‌ಖೇಡಾದ ಹನ್ನೊಂದು ಮನೆಗಳ ಕನ್ನಡ ಸಂಘಕ್ಕೆ ರಾಯರು ಅಧ್ಯಕ್ಷರು. ಅವರ ಮನೆಯಲ್ಲೇ ಸರಸ್ವತಿ ಪೂಜೆ. ಹೊರಗೆ ಇಡೀ ಗುಜರಾತು ಗರ್ಬಾ ಕುಣಿಯುವಾಗ ಒಳಗೆ ಹನ್ನೊಂದು ಮನೆಗಳ ಪೂಜೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವರ ಬಹುದಿನಗಳ ಕೊರಗು. ಶುಕ್ರವಾರ ಸಂಜೆ ಹೊಸ ಕಪ್ಪು ರೆಕ್ಸಿನ್ ತೊಟ್ಟ ಬೈಬಲ್ಲನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಬರುವಾಗ, ಸಿಗ್ನಲ್ಲಿನಲ್ಲಿ ಅವರಿಗೊಂದು ವಿಚಾರ ಹೊಳೆಯಿತು. ಇದನ್ನೂ ಪೂಜೆಗೆ ಕೂರಿಸಿದರೆ ಹೇಗೆ? ಸರ್ವಧರ್ಮ ಗ್ರಂಥ ಪೂಜೆ. ಫೋಟೋ ಬೆಂಗಳೂರಿನ ಪತ್ರಿಕೆಗಳ ತನಕ ಹೋದೀತು. ತಬಿಥಾಬಾಯಿಗಂತೂ ಆನಂದಬಾಷ್ಪವೇ ಬಂದೀತು. ಮನೆ ತಲುಪಿ ಫೋನು ಮಾಡಿ, ಪುಸ್ತಕ ಬಂದಿದೆ, ಬೆಳಿಗ್ಗೆ ಕೊಡುತ್ತೇನೆ ಎಂದಷ್ಟೇ ಹೇಳಿದರು. ಆನಂದಬಾಷ್ಪ ಅನಿರೀಕ್ಷಿತವಾಗಿ ಬಂದರೇ ಚೆಂದ.

ಅವರಿಗೆ ಹೊಳೆಯದೆ ಹೋದದ್ದು ಒಂದೇ. ಸಪ್ತಮಿಯಂದು ಪೂಜೆಗೆ ಕೂರಿಸಿದ ಪುಸ್ತಕಗಳನ್ನು ದಶಮಿಯ ಬೆಳಗಿನ ತನಕ ಯಾರೂ ತೆರೆಯುವಂತಿಲ್ಲ, ಓದುವಂತಿಲ್ಲ. ಹೊಳೆಯಲಿಲ್ಲ ಎನ್ನುವುದೂ ತಪ್ಪು. ಮೂರು ದಿನ ಓದದಿದ್ದರೆ ಯಾರಿಗಾದರೂ ತೊಂದರೆಯಾದೀತು ಎಂಬ ಕಲ್ಪನೆ ಅವರಿಗಿರಲಿಲ್ಲ. ಅವರ ಬಾಲ್ಯದಲ್ಲಿ ಮಕ್ಕಳೆಲ್ಲ ಆ ಮೂರು ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದರು.

ಶನಿವಾರ ಬೆಳಿಗ್ಗೆ ಆರಕ್ಕೆ ಬಾಗಿಲ ಗಂಟೆ ಹೊಡೆಯಿತು. ಮೈಗೆ ಎಣ್ಣೆ ಹಚ್ಚಿಕೊಂಡು ನಿಂತಿದ್ದ ರಾಯರು ಬಾಗಿಲ ಸಂದಿಯಿಂದಲೇ, ಒಂಬತ್ತಕ್ಕೆ ಬನ್ನಿ ಮೇಡಂ, ಎಲ್ಲ ಸಿದ್ಧವಾಗಿರುತ್ತೆ ಎಂದು ಸಾಗಹಾಕಿದರು. ಆಕೆ ಏನು ಸಿದ್ಧವಾಗಬೇಕು ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಒಂಬತ್ತಕ್ಕೆ ಬಂದಾಗ ನಡುಮನೆಯ ತುಂಬ ಜನ. ಮಣೆಯ ಮೇಲೆ ಶಾರದೆಯ ಪಟ, ಮುಂದೆ ಪುಸ್ತಕಗಳ ಗೋಪುರ. ತಳದಲ್ಲಿ ರೇಷ್ಮೆ ಬಟ್ಟೆಯ ಪುರಾಣ, ಅದರ ಮೇಲೆ ಮಕ್ಕಳ ಗಣಿತ-ವಿಜ್ಞಾನ, ಅದರ ಮೇಲೆ ಬೈಬಲ್ಲು, ಎಲ್ಲಕ್ಕಿಂತ ಮೇಲೆ ರಾಯರು ನಿವೃತ್ತಿಯ ಮೇಲೆ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ‘ತೈಲ ಮತ್ತು ತತ್ತ್ವ’. ಪ್ರತಿಯೊಂದಕ್ಕೂ ಕುಂಕುಮ, ಒಂದೊಂದು ಹೂವು. ಬ್ಯಾಂಕಿನ ಮ್ಯಾನೇಜರು ವಾಮನ ಭಟ್ಟರು ಪಂಚೆ ಉಟ್ಟು ಪುರೋಹಿತರಾಗಿದ್ದರು. ಬಾಹ್ಯಾಕಾಶ ಸಂಸ್ಥೆಯ ನಿವೃತ್ತ ವಿಜ್ಞಾನಿ ಪಟ್ಟಾಭಿರಾಮರು ಮುಖ್ಯ ಅತಿಥಿ. ಹನ್ನೊಂದು ಹಾಳೆಯ ಭಾಷಣವನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು.

ರಾಯರು ಕೈಚಾಚಿ ಗೋಪುರವನ್ನು ತೋರಿಸಿ ಆನಂದಬಾಷ್ಪಕ್ಕಾಗಿ ಕಾದರು.

“ನನ್ನ ಪುಸ್ತಕಾ ಕೊಡ್ರಿ ರಾಯರ,” ಎಂದರು ತಬಿಥಾಬಾಯಿ.

ರಾಯರು ನಕ್ಕು ಪದ್ಧತಿಯನ್ನು ವಿವರಿಸಿದರು. ದಶಮಿಯ ಬೆಳಿಗ್ಗೆ ಮೊದಲ ಪುಸ್ತಕ ನಿಮ್ಮದೇ ಎಂದು ಉದಾರವಾಗಿ ಘೋಷಿಸಿದರು. ತಬಿಥಾಬಾಯಿ ಕದಲಲಿಲ್ಲ. ಇವತ್ತಿನ ಅಧ್ಯಾಯ ಆಗಿಲ್ಲ, ನಾನಿನ್ನೂ ಚಹಾ ಕುಡಿದಿಲ್ಲ ಎಂದರು. ದೇವರ ಕೆಲಸಕ್ಕೇ ತಾನೇ ಕೊಟ್ಟಿರುವುದು, ಮೂರು ದಿನ ಓದದಿದ್ದರೂ ಓದಿದ ಹಾಗೇ ಲೆಕ್ಕ ಎಂದು ಭಟ್ಟರು ಮಂತ್ರ ನಿಲ್ಲಿಸಿ ತೀರ್ಪು ಕೊಟ್ಟರು. ಹಿಂದಿನ ಸಾಲಿನಿಂದ ಯಾರೋ, ಈಗ ಎಲ್ಲ ಫೋನಿನಲ್ಲೇ ಸಿಗುತ್ತದಲ್ಲ ಎಂದರು.

“ಸಿಗತೈತಿ. ಫೋನಿನ್ಯಾಗ ತಾರೀಕು ಎಲ್ಲಿ ಬರೀಲಿ?”

ರಾಯರ ನಗು ಸಣ್ಣಗಾಯಿತು. ಕೂರಿಸಿದ ಪೂಜೆಯನ್ನು ಕದಲಿಸುವುದು ಅಪಶಕುನವೆಂಬ ಅಳುಕು ಒಂದು ಕಡೆ. ಅಧ್ಯಕ್ಷರ ಮಾತಿಗೆ ಹನ್ನೊಂದು ಮನೆಗಳ ಎದುರು ಎದುರಾಡುತ್ತಿದ್ದಾರಲ್ಲ ಎಂಬ ಕಸಿವಿಸಿ ಇನ್ನೊಂದು ಕಡೆ. ಎರಡನೆಯದೇ ಜಾಸ್ತಿ. ಅವರು ಆಫೀಸಿನ ದನಿ ತೆಗೆದು ಹೇಳಿದರು:

“ನೋಡಿ ಮೇಡಂ, ನಿಮ್ಮ ಗ್ರಂಥಕ್ಕೆ ನಾವು ಮರ್ಯಾದೆ ಮಾಡ್ತಾ ಇದೀವಿ. ನೀವೇ ಬೇಡ ಅಂದ್ರೆ ಹೇಗೆ?”

“ಮರ್ಯಾದಿ ಅಂದ್ರಿ, ಭಾಳ ಚಲೋ ಆತು. ಅದರ ಮ್ಯಾಲೆ ನಾ ಕನ್ನಡಕಾ ಸೈತ ಇಡೂದಿಲ್ಲ. ನೀವು ನಿಮ್ಮ ಎಣ್ಣಿ ಪುಸ್ತಕಾ ಹೇರೀರಿ.”

ಪಟ್ಟಾಭಿರಾಮರಿಗೆ ಎಚ್ಚರವಾಯಿತು. ತಮ್ಮ ಭಾಷಣ ತಡವಾಗುತ್ತಿದೆ ಎಂಬುದಷ್ಟೇ ಅರ್ಥವಾಗಿ, ನೀವು ಓದೋದಕ್ಕೆ ಎಷ್ಟು ಹೊತ್ತು ಬೇಕಮ್ಮ ಎಂದು ಕೇಳಿದರು. ತಬಿಥಾಬಾಯಿ ಅವರ ತೊಡೆಯ ಮೇಲಿನ ಹಾಳೆಗಳನ್ನು ಒಮ್ಮೆ ನೋಡಿ, ಅದಕ್ಕಿಂತ ಸಣ್ಣದೈತ್ರಿ ಎಂದರು.

ಆಮೇಲೆ ಯಾರ ಅಪ್ಪಣೆಗೂ ಕಾಯಲಿಲ್ಲ. ವಾಶ್‌ಬೇಸಿನ್ನಿಗೆ ಹೋಗಿ ಮೊಣಕೈ ತನಕ ಕೈ ತೊಳೆದರು. ಸೆರಗು ಸೊಂಟಕ್ಕೆ ಸಿಗಿಸಿ ಮಣೆಯತ್ತ ನಡೆದರು. ರಾಯರು ಹೆಂಡತಿಯ ಕಡೆ ನೋಡಿದರು, ಒಂದು ಮಾತು ಹೇಳು ಎಂಬಂತೆ. ಪದ್ಮಾವತಿ ಬಾಗಿ, ತಬಿಥಾಬಾಯಿಯ ಸೆರಗಿಗೆ ತಗುಲದಂತೆ ದೀಪವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಆಕೆ ರಾಯರ ವಿರುದ್ಧ ಹಾಕಿದ ಮೊದಲ ವೋಟು ಅದು.

ತಬಿಥಾಬಾಯಿ ‘ತೈಲ ಮತ್ತು ತತ್ತ್ವ’ವನ್ನು ಎರಡೂ ಕೈಯಲ್ಲಿ ಎತ್ತಿ ರಾಯರ ಕೈಗೆ ಕೊಟ್ಟರು. ತಮ್ಮ ಪುಸ್ತಕದ ಮೇಲಿದ್ದ ದಾಸವಾಳವನ್ನು ತೆಗೆದು ಅದರ ಮೇಲಿಟ್ಟು, “ಇದೂ ನಿಮ್ಮದಕ್ಕ ಇರ್ಲಿ,” ಎಂದರು. ಶಾರದೆಯ ಪಟದ ಮಾಲೆ ಅಲುಗಲಿಲ್ಲ. ಮಿಕ್ಕ ಪುಸ್ತಕಗಳೂ ಕದಲಲಿಲ್ಲ. ಬೈಬಲ್ಲನ್ನು ಎದೆಗವಚಿಕೊಂಡು ಹೋಗಿ ಗೋಡೆ ಬದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ರೆಕ್ಸಿನ್ನಿಗೆ ಅಂಟಿದ ಕುಂಕುಮವನ್ನು ಒರೆಸುವ ಗೋಜಿಗೆ ಹೋಗಲಿಲ್ಲ. ಪುಟ ತೆರೆದರು, ತುಟಿ ಅಲ್ಲಾಡತೊಡಗಿತು.

ಏನು ಮಾಡಬೇಕೆಂದು ತಿಳಿಯದೆ ಭಟ್ಟರು ಮಂತ್ರ ಮುಂದುವರಿಸಿದರು. ಒಂದೇ ಕೋಣೆಯಲ್ಲಿ ಎರಡು ಗುಣುಗುಣು ನಡೆದವು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ರಾಯರು ದಾಸವಾಳ ಸಮೇತ ತಮ್ಮ ಪುಸ್ತಕ ಹಿಡಿದು ನಿಂತೇ ಇದ್ದರು. ನಿಂತಲ್ಲಿಂದ ಕತ್ತು ಚಾಚಿದರೆ ಆ ಪುಟದ ಅಂಚು ಕಾಣುತ್ತಿತ್ತು. ಒಂದರ ಕೆಳಗೊಂದು ಹನ್ನೆರಡು ತಾರೀಕುಗಳು. ಮೊದಲನೆಯದು ಮಾಸಿ ಹೋಗಿತ್ತು. ನಡುವಿನ ಒಂದರ ಪಕ್ಕ ನೀರಿನ ಕಲೆ; ಕುಕ್ಕರಿನ ಮುಚ್ಚಳವೂ ಪೂರ್ತಿ ಕಾಪಾಡಿರಲಿಲ್ಲವೇನೋ. ಆ ಹನ್ನೆರಡು ದಿನಗಳಲ್ಲಿ ತಾನೇನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದರು. ಮೀಟಿಂಗು ಇದ್ದಿರಬೇಕು. ಒಂದೂ ನೆನಪಾಗಲಿಲ್ಲ. ಅಜ್ಜನ ಪುರಾಣ ರೇಷ್ಮೆಯೊಳಗೆ ಒಂದು ಮೂಲೆ ಮಡಿಚದೆ ಮಲಗಿತ್ತು.

ತಬಿಥಾಬಾಯಿ ಪೆನ್ಸಿಲ್ ತೆಗೆದು ಆ ಹನ್ನೆರಡರ ಕೆಳಗೆ ಹದಿಮೂರನೆಯದಾಗಿ ಇವತ್ತಿನ ತಾರೀಕು ಬರೆದರು. ಪುಸ್ತಕ ಮುಚ್ಚಿ, “ಅಕ್ಕಾರ, ಈಗ ಚಹಾ ಕೊಡ್ರಿ,” ಎಂದರು. ಪದ್ಮಾವತಿ ಅದಾಗಲೇ ಒಲೆಯ ಮೇಲೆ ಇಟ್ಟಿದ್ದರು.

ಪೂಜೆ ಮುಗಿಯಿತು, ಭಾಷಣವೂ ಮುಗಿಯಿತು, ಎಲೆ ಹಾಕಿದರು. ತಬಿಥಾಬಾಯಿಯೂ ಪಂಕ್ತಿಯಲ್ಲೇ ಕೂತರು. ಪುಸ್ತಕಕ್ಕೆ ಮಾತ್ರ ಪಕ್ಕದಲ್ಲಿ ಬೇರೆ ಕುರ್ಚಿ. ಪದ್ಮಾವತಿಯ ಸಾರಿಗೆ ರಾಯರು ಮೂರು ಸಲ ಅನ್ನ ಹಾಕಿಸಿಕೊಂಡರು. ಹೊಟ್ಟೆ ತುಂಬಿದ ಮೇಲೆ ಬೆಳಗಿನ ಸೋಲು ಮತ್ತೆ ಚುಚ್ಚತೊಡಗಿತು. ಎಲ್ಲರಿಗೂ ಕೇಳಿಸುವಂತೆ, ಪಟ್ಟಾಭಿರಾಮರ ಕಡೆ ಕಣ್ಣು ಮಿಟುಕಿಸಿ, ಕೊನೆಯ ಬಾಣ ಬಿಟ್ಟರು:

“ಅಲ್ಲ ಮೇಡಂ, ಹನ್ನೆರಡು ಸಲ ಓದಿ ಮುಗಿಸಿದೀರಿ. ಒಳಗೇನಿದೆ ಅಂತ ಪೂರ್ತಿ ಗೊತ್ತು. ಮತ್ತೆ ಮತ್ತೆ ಅದನ್ನೇ ಯಾಕೆ ಓದ್ತೀರಿ?”

ತಬಿಥಾಬಾಯಿ ಮಜ್ಜಿಗೆಯ ಲೋಟ ಕೆಳಗಿಟ್ಟರು.

“ಅಕ್ಕಾರು ಮೂವತ್ತಾರು ವರ್ಷದಿಂದ ಅದ ಸಾರು ಮಾಡಾಕತ್ತಾರ. ರುಚಿ ಹೆಂಗಿರತೈತಿ ನಿಮಗ ಗೊತ್ತಿಲ್ಲೇನ್ರಿ? ಮತ್ತ ಇವತ್ತು ಮೂರು ಸಲ ಯಾಕ ಹಾಕಿಸ್ಕೊಂಡ್ರಿ?”