ಹೆಬ್ಬೆರಳ ಕೆಳಗಿನ ಮೂಲೆ

ಹೈದರಾಬಾದಿನ ಅಂಚೆ ನೌಕರರಲ್ಲಿ ಮನೆ ಬಾಗಿಲಲ್ಲಿ ನಿಂತು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕಾರ್ಡು ಓದಿ ಹೇಳಬಲ್ಲವರು ಬೆರಳೆಣಿಕೆಯಷ್ಟು. ಅವರೆಲ್ಲರಿಗೂ ಹಿರಿಯರು, ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಇದೀಗ ನಿವೃತ್ತರಾಗಿರುವ ಶ್ರೀ ಅಮೃತಪ್ಪನವರು. ಅವರೊಡನೆ ಒಂದೇ ಕಚೇರಿಯಲ್ಲಿ ದುಡಿದೆನೆಂಬ ಜಂಬ ನನಗೆ ಸಾಕಷ್ಟಿದೆ, ಮುಚ್ಚಿಡುವುದಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಬೇಗಂ ಬಜಾರಿನ ಅಂಗಡಿಗಳಿಗೆ ಮೆಣಸಿನಕಾಯಿ ಧಾರಣೆ ಬರುತ್ತಿದ್ದುದೂ ಕಾರ್ಡಿನಲ್ಲೇ, ಕೋಠಿಯ ಹಿಂದಿನ ಗುಡಿಸಲುಗಳಿಗೆ ಯಾದಗಿರಿ ಕಡೆಯ ಕ್ಷೇಮಸಮಾಚಾರ ಬರುತ್ತಿದ್ದುದೂ ಕಾರ್ಡಿನಲ್ಲೇ. ಓದು ಬಾರದವರಿಗೂ ಕಾರ್ಡು ದೂರದಿಂದಲೇ ಸುದ್ದಿ ಹೇಳುತ್ತಿತ್ತು: ಮೂಲೆಗೆ ಅರಿಶಿನ ಹಚ್ಚಿದ್ದರೆ ಶುಭ, ಮೂಲೆ ಹರಿದಿದ್ದರೆ ಸಾವು. ತೆರೆದ ಕಾರ್ಡಾದರೂ ಮನೆಯವರು ಕೇಳುವ ಮೊದಲು ಓದಬಾರದೆಂಬುದು ಅಮೃತಪ್ಪನವರ ವ್ರತ. ನಾವು ಸುಮ್ಮನೆ ಕಣ್ಣಾಡಿಸಿದರೂ ಮುಖ ಗಂಟಿಕ್ಕುತ್ತಿದ್ದರು.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ತೊಂಬತ್ತಮೂರರಲ್ಲಿ, ನಾನಿನ್ನೂ ಹೊಸಬಳಾಗಿದ್ದಾಗ, ಕಟ್ಟಿನ ಹುರಿಯನ್ನು ಆತುರದಲ್ಲಿ ಎಳೆದು ಒಂದು ಕಾರ್ಡಿನ ಮೂಲೆ ಹರಿದುಬಿಟ್ಟೆ. ವಿಳಾಸ ಗದಿಗೆಮ್ಮನದು, ಕಟ್ಟಡದ ಕೂಲಿಯ ಹೆಂಗಸು. ಗಂಡ ಕಾಯಿಲೆ ಬಿದ್ದು ಊರಿಗೆ ಹೋಗಿ ತಿಂಗಳಾಗಿತ್ತು. ಆಕೆ ದಿನವೂ ಅಮೃತಪ್ಪನವರ ದಾರಿ ಕಾಯುತ್ತಿದ್ದಳು. ಅಳುತ್ತಲೇ ಕಾರ್ಡನ್ನು ಅವರ ಮುಂದೆ ಹಿಡಿದೆ. ಅಮೃತಪ್ಪನವರು ಕಾರ್ಡು ತೆಗೆದುಕೊಂಡು, ಅದೊಂದು ದಿನ ವ್ರತ ಮುರಿದು ಓದಿದರು.

“ಆಕಿ ಗಂಡ ಆರಾಮ ಅದಾನ. ಅಳಬ್ಯಾಡ್ರಿ ತಂಗಿ, ನಾ ಕೊಟ್ಟು ಬರ್ತೀನಿ” ಎಂದರು.

ಮನಸ್ಸು ತಡೆಯದೆ ನಾನೂ ಹಿಂದೆ ಹೋದೆ. ಗುಡಿಸಲ ಮುಂದೆ ಅವರು ಹರಿದ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಕಾರ್ಡನ್ನು ಪೂರ್ತಿ ಎರಡು ಸಲ ಓದಿದರು. “ನಿನ್ನ ಗಂಡ ಎದ್ದು ಅಡ್ಡಾಡಾಕತ್ತಾನವ್ವ” ಎಂದ ಮೇಲೆಯೇ ಬೆರಳು ಸರಿಸಿದರು.

ಗದಿಗೆಮ್ಮನ ಮುಖ ಬಿಳಿಚಿತು. “ಮೂಲಿ ಹರದೈತಲ್ರಿ, ಯಪ್ಪಾ?”

“ನನ್ನ ಕೈಯಾಗ ಹರೀತವ್ವ. ತಪ್ಪು ನಂದು.”

ಆಕೆ ಅವರ ಮುಖವನ್ನೇ ನೋಡಿ, ಒಳಗಿನಿಂದ ಅರಿಶಿನ ತಂದು ಉಳಿದ ಮೂರು ಮೂಲೆಗೂ ಹಚ್ಚಿದಳು.

ತಪ್ಪು ಅವರದಾಗಿರಲಿಲ್ಲ, ನನ್ನದು. ಮೇಲಧಿಕಾರಿಗಳ ಮುಂದೆಯೂ ಅವರು ತಮ್ಮ ಹೆಸರನ್ನೇ ಹೇಳಿ ಬೈಸಿಕೊಂಡರು, ಒಂದು ದಿನವೂ ನನಗದನ್ನು ನೆನಪಿಸಲಿಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾಚಿಕೆಯಾಗುತ್ತದೆ. ಅಂಥವರ ಪಕ್ಕದಲ್ಲಿ ಕೂತು ಕೆಲಸ ಕಲಿತೆನೆಂಬ ಹೆಮ್ಮೆ ಅದಕ್ಕಿಂತ ದೊಡ್ಡದು.

ಅವರಿಗೆ ನೂರು ವರ್ಷದ ಆಯುಷ್ಯವೂ ನಿಚ್ಚಳ ಕಣ್ಣೂ ಇರಲಿ. ಭಾನುವಾರಗಳಂದು ಕೂಲಿಯವರಿಗೆ ಅರ್ಜಿ ಬರೆದುಕೊಡುವ ಅವರ ಕೆಲಸ ನಿಲ್ಲದಿರಲಿ. ಇದನ್ನೆಲ್ಲ ಬರೆದು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಅವರ ವಿಳಾಸಕ್ಕೆ ನಾನೇ ಒಂದು ಕಾರ್ಡು ಹಾಕಿದ್ದೇನೆ. ಅದನ್ನು ಓದಲು ಅವರು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

— ವಿಜಯಶ್ರೀ