ಹೋಗಲಾ ಬೇಡವಾ ಎನ್ನುತ್ತಿದ್ದ ರತ್ನಕ್ಕ

ರಾಗಿಮುದ್ದೆಯನ್ನು ನಿಂತುಕೊಂಡು ನುಂಗುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮ ರತ್ನಕ್ಕನನ್ನು. ಮಂಡ್ಯದ ಕಡೆಯವರು ಮಿಕ್ಕಿದ್ದನ್ನೆಲ್ಲ ಓಡಾಡಿಕೊಂಡು ತಿಂದಾರು, ಮುದ್ದೆಗೆ ಮಾತ್ರ ಒಂದು ಮರ್ಯಾದೆ ಕೊಡುತ್ತಾರೆ. ಮದುವೆ ಮನೆಯ ಬಫೆಯಲ್ಲಿಯೂ ತಟ್ಟೆಗೆ ಮುದ್ದೆ ಬಿದ್ದರೆ ಕುರ್ಚಿ ಹುಡುಕುತ್ತಾರೆ. ರತ್ನಕ್ಕ ಡ್ರೆಸ್ಸಿಂಗ್ ರೂಮಿನ ಕಿಟಕಿಯ ಮೇಲೆ ಡಬ್ಬಿ ಇಟ್ಟುಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ, ಆಮೇಲೆ ಇನ್ನೊಂದು ಕಾಲಿಗೆ ಬದಲಾಯಿಸಿ, ಉಪ್ಸಾರಿನಲ್ಲಿ ಅದ್ದಿದ ತುತ್ತುಗಳನ್ನು ಒಂದರ ಹಿಂದೊಂದು ಇಳಿಸಿ ಹೊರಟುಬಿಡುತ್ತಿದ್ದಳು. ಕೂತು ಉಣ್ಣಕ್ಕ ಎಂದರೆ, "ಕೂತ್ರೆ ಏಳಕ್ಕೆ ಮನ್ಸಾಗಕಿಲ್ಲ ಕಣಮ್ಮಿ" ಎನ್ನುತ್ತಿದ್ದಳು.

ನಾವಿಬ್ಬರೂ ಮಂಡ್ಯದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸುಗಳು. ನಾನು ಮದ್ದೂರಿನಿಂದ ದಿನವೂ ರೈಲಿನಲ್ಲಿ ಬಂದು ಹೋಗುವವಳು, ಕೆಲಸಕ್ಕೆ ಹೊಸಬಳಾಗಿ ಸೇರಿದಾಗ ಕೈಹಿಡಿದು ಕಲಿಸಿದವಳು ರತ್ನಕ್ಕ. ಆಗಲೇ ಅವಳಿಗೆ ನಲವತ್ತರ ಮೇಲೆ. ಗಂಡ ಕೆಂಪರಾಜಣ್ಣನವರದು ಊರಿನಲ್ಲೇ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿ. ಒಬ್ಬಳೇ ಮಗಳು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಕಾಣದ ಸಂಸಾರ. ಆದರೆ ರತ್ನಕ್ಕನಿಗೆ ಒಂದು ಕಾಯಿಲೆ ಇತ್ತು, ಅದಕ್ಕೆ ನಮ್ಮ ಡಾಕ್ಟರರ ಬಳಿ ಮದ್ದಿರಲಿಲ್ಲ. ಅದು ಹೊರದೇಶದ ಕಾಯಿಲೆ.

ಮೊದಲು ಅದು ಗಲ್ಫ್ ಆಗಿತ್ತಂತೆ, ಆಮೇಲೆ ಐರ್ಲೆಂಡ್ ಆಯಿತು. ನನ್ನ ಕಾಲಕ್ಕೆ ಜರ್ಮನಿಯಾಗಿತ್ತು. ಬಸ್‌ಸ್ಟ್ಯಾಂಡಿನ ಕಂಬಕಂಬದ ಮೇಲೂ 'ನರ್ಸುಗಳು ಬೇಕಾಗಿದ್ದಾರೆ' ಎಂಬ ಬಣ್ಣದ ಕಾಗದ ಅಂಟಿಸಿದ್ದ ಕಾಲ ಅದು. ಆಸೆಗೆ ಸಂಬಳವೊಂದೇ ಕಾರಣವಾಗಿರಲಿಲ್ಲ. ರೋಗಿಯ ಕಡೆಯವರು ಡಾಕ್ಟರರ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಂಡು ಹೋದ ದಿನ ಅವಳು ಹತ್ತಿಯನ್ನು ಚೂರುಚೂರು ಮಾಡುತ್ತ ಹೇಳುತ್ತಿದ್ದಳು: "ಅಲ್ಲಿ ನರ್ಸು ಅಂದ್ರೆ ನರ್ಸು ಕಣಮ್ಮಿ. ಇಲ್ಲಿ ಆಯಾನೂ ನಾವೇ, ವಾಚ್‌ಮನ್ನೂ ನಾವೇ, ಬೈಸ್ಕೊಳೋರೂ ನಾವೇ."

ಹಾಗಾದರೆ ಹೋಗಬಾರದಿತ್ತೇ? ಅಲ್ಲೇ ಇದ್ದದ್ದು ಫಜೀತಿ. ರತ್ನಕ್ಕ ಹೋಗಲಾ ಬೇಡವಾ ಎಂದು ಕೇಳದ ಜನರೇ ಉಳಿದಿರಲಿಲ್ಲ. ಆಟೋದವರನ್ನು ಕೇಳುತ್ತಿದ್ದಳು, ಬಾಳೆಹಣ್ಣಿನ ಗಾಡಿಯವಳನ್ನು ಕೇಳುತ್ತಿದ್ದಳು, ಅರಿವಳಿಕೆ ಇನ್ನೂ ಪೂರ್ತಿ ಇಳಿಯದ ರೋಗಿಗಳನ್ನೂ ಕೇಳುತ್ತಿದ್ದಳು. ಕೇಳಿ ಸುಮ್ಮನಾದರೂ ಆಗುತ್ತಿದ್ದಳೇ? ನೀವು ಹೋಗು ಎಂದರೆ ಇಲ್ಲೇ ಇರುವುದರ ಸುಖ ವರ್ಣಿಸುವಳು, ಬೇಡ ಎಂದರೆ ನಿಮ್ಮ ಮೇಲೆ ಎಗರಿಬೀಳುವಳು. ನಾನು ಒಮ್ಮೆ ಒಂದೇ ಡ್ಯೂಟಿಯಲ್ಲಿ ಬೆಳಿಗ್ಗೆ ಹೋಗು ಎಂದು, ಮಧ್ಯಾಹ್ನ ಬೇಡ ಎಂದು ಎರಡು ಸಲವೂ ಬೈಸಿಕೊಂಡೆ. ಅವತ್ತಿನಿಂದ ಕೇಳಿದಾಗಲೆಲ್ಲ "ಗ್ಲೌಸ್ ಕೊಡಕ್ಕ" ಎಂದು ಮಾತು ಮರೆಸುತ್ತಿದ್ದೆ.

ದುದ್ದದ ಕಡೆಯ ಒಬ್ಬ ತಾತ ಸಕ್ಕರೆ ಕಾಯಿಲೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬರುತ್ತಿದ್ದ. ಅವನನ್ನೂ ಕೇಳಿದಳು.

"ಜರ್ಮನಿಗೆ ಓಗ್ಲಾ ತಾತ?"

"ಅಲ್ಲಿ ಮುದ್ದೆ ಸಿಕ್ತದಾ?"

"ಇಲ್ಲ."

"ಮತ್ಯಾಕವ್ವ ಓದಿಯೆ? ಸಿಕ್ಕಂಗಿದ್ರೆ ಏಳು, ನಾನೂ ಬತ್ತೀನಿ. ಈ ಕಾಲ್ನ ಅಲ್ಲೇ ತೋರುಸ್ಕೊಳಾವ."

ನಾವೆಲ್ಲ ನಕ್ಕೆವು. ರತ್ನಕ್ಕ ಮಾತ್ರ ನಗಲಿಲ್ಲ. ತಾತನ ಮಾತಿನಲ್ಲಿ ಏನೋ ಅರ್ಥವಿದೆ ಎಂದು ಇಡೀ ದಿನ ತಲೆ ಕೆಡಿಸಿಕೊಂಡು, ಸಂಜೆಗೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿ, ಬೆಳಿಗ್ಗೆ ಬರುವಾಗ ಅದನ್ನು ಬದಲಾಯಿಸಿಕೊಂಡು ಬಂದಳು.

ಆದರೂ ಜರ್ಮನ್ ಭಾಷೆ ಕಲಿಯುವುದನ್ನು ಬಿಡಲಿಲ್ಲ. ಫೋನಿನಲ್ಲಿ ಕ್ಲಾಸು. ಶಾಲೆಯನ್ನು ಸಾಲೆ ಎನ್ನುವ ಊರಿನಿಂದ ಬಂದವಳು, ಬಾಯಿ ತುಂಬ ಶ ಇರುವ ಭಾಷೆಯನ್ನು ಹಲ್ಲು ಕಚ್ಚಿ ಕಲಿತಳು. ಅಭ್ಯಾಸಕ್ಕೆ ರೋಗಿಗಳಿದ್ದರಲ್ಲ. ಒಂದು ದಿನ ಅದೇ ತಾತನ ಕಾಲು ಒತ್ತಿ, "ಹಾಬೆನ್ ಝೀ ಶ್ಮೆರ್ಟ್ಸೆನ್?" ಎಂದಳು. ನೋವಿದೆಯೇ ಎಂದು ಅರ್ಥವಂತೆ. ತಾತ ಮುಖ ಕಿವುಚಿ, "ಊಂ ಕಣವ್ವ, ಅಲ್ಲೇಯ, ಮೆಲ್ಲುಕೆ" ಎಂದ. "ನೋಡ್ದಾ, ತಾತಂಗೂ ಅರ್ಥಾಯ್ತದೆ" ಎಂದು ಅವತ್ತೆಲ್ಲ ಬೀಗುತ್ತ ಓಡಾಡಿದಳು. ಪರೀಕ್ಷೆ ಒಂದು ಸಲ ಕೈಕೊಟ್ಟಿತು, ಮರುಸಲ ಪಾಸಾಯಿತು. ಅಲ್ಲಿನ ಒಂದು ಆಸ್ಪತ್ರೆಯವರು ಫೋನಿನಲ್ಲೇ ಮಾತಾಡಿಸಿ ಬನ್ನಿ ಎಂದರು. ಇನ್ನು ಇವಳು ಹೂಂ ಎನ್ನಬೇಕಿತ್ತು ಅಷ್ಟೆ.

ಈಗ ಕೆಂಪರಾಜಣ್ಣನವರ ವಿಷಯ ಹೇಳಬೇಕು. ಅವರು ಹೂಂ ಎಂದವರೂ ಅಲ್ಲ, ಉಹೂಂ ಎಂದವರೂ ಅಲ್ಲ. ತಂತಿ ಸುತ್ತುತ್ತ ಕೂತರೆ ಕರೆಂಟು ಹೋದದ್ದೂ ತಿಳಿಯದ ಮನುಷ್ಯ. ರತ್ನಕ್ಕ ಅಂಗಡಿಗೆ ಹೋಗಿ ಕೇಳಲಿ, ಊಟಕ್ಕೆ ಬಡಿಸುತ್ತ ಕೇಳಲಿ, ಜಗಳ ತೆಗೆದು ಕೇಳಲಿ, ಬರುತ್ತಿದ್ದ ಉತ್ತರ ಒಂದೇ: "ನಿನ್ನಿಷ್ಟ ಕಣಮ್ಮಿ." ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ವಾರ್ಡಿನ ಹೆಂಗಸರೆಲ್ಲ ಹೊಗಳುತ್ತಿದ್ದರು. ರತ್ನಕ್ಕನಿಗೆ ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು. "ಇಷ್ಟವಂತೆ ಇಷ್ಟ! ಸೊಪ್ಪಿನ ಸಾರು ಮಾಡ್ಲಾ, ಕಾಳಿನ ಸಾರು ಮಾಡ್ಲಾ ಅಂದ್ರೂ ಇದೇ ಅಂತದೆ ಆ ಆಸಾಮಿ" ಎನ್ನುತ್ತಿದ್ದಳು.

ಮನುಷ್ಯರನ್ನು ಕೇಳಿ ಮುಗಿದ ಮೇಲೆ ದೇವರೊಬ್ಬಳು ಉಳಿದಿದ್ದಳು. ರತ್ನಕ್ಕನ ತವರು ಮಳವಳ್ಳಿಯಿಂದಾಚೆ, ಮುತ್ತತ್ತಿಯ ದಾರಿಯಲ್ಲಿ ಒಳಕ್ಕೆ ಸರಿದ ಹಳ್ಳಿ. ಅಲ್ಲಿನ ಮಾರಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ಅಮ್ಮನ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾನೆ, ಕೇಳುವವರು ಕೈಮುಗಿದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. "ನೀನೂ ಬಾ. ನಾನೊಬ್ಳೆ ಓದ್ರೆ ಅಮ್ಮನ ಜೊತೆಗೂ ವಾದ ಮಾಡ್ಬುಡ್ತೀನಿ" ಎಂದು ನನ್ನನ್ನು ಎಳೆದುಕೊಂಡು ಹೋದಳು. ಮುತ್ತತ್ತಿಗೆ ಹೊರಟ ಜನರಿಂದ ಬಸ್ಸು ತುಂಬಿತ್ತು. ಸೀಟು ಸಿಕ್ಕಿದರೂ ಅವಳು ಕೂರಲಿಲ್ಲ, ಅದು ನನಗೆ ಅನುಕೂಲವೇ ಆಯಿತು.

ಅವಳ ತಾಯಿ ಸ್ನಾನ ಮಾಡಿ, ಹಣ್ಣುಕಾಯಿ ಹಿಡಿದು ಗುಡಿಯ ಮುಂದೆ ಕಾಯುತ್ತಿದ್ದರು. ತಾಯಿ ಮಗಳು ಅಕ್ಕಪಕ್ಕ ನಿಂತರು. ಹೂವು ಅಂಟಿಸಿದ್ದಾಯಿತು. ಪೂಜಾರಿ "ಕೊಡವ್ವ, ಮಕ್ಳನ್ನ ಕಾಯಿಸ್ಬ್ಯಾಡ ಕೊಡವ್ವ" ಎಂದು ರಾಗ ಎಳೆಯುತ್ತಿದ್ದ. ಹೂವು ಬೀಳಲೊಲ್ಲದು, ರತ್ನಕ್ಕನ ಕಾಲು ನಿಲ್ಲಲೊಲ್ಲದು. ಪೂಜಾರಿ ರಾಗ ನಿಲ್ಲಿಸಿ ಗದರಿದ: "ಸುಮ್ಕೆ ನಿಂತ್ಕೊಳವ್ವ. ನೀನು ಇಂಗೆ ಕುಣಿತಿದ್ರೆ ಅಮ್ಮ ಎಂಗೆ ಕೊಟ್ಟಾಳು?" ಆಗ ಬಿತ್ತು, ಬಲಗಡೆಯದೇ. "ಕೊಟ್ಬುಟ್ಲು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಇಬ್ಬರ ಕಣ್ಣಲ್ಲೂ ನೀರು. ನಾನೂ ಕೈಮುಗಿದೆ, ಸದ್ಯ ಈ ಕಥೆ ಮುಗಿಯಿತಲ್ಲ ಎಂದು.

ಎಲ್ಲಿ ಮುಗಿಯುತ್ತದೆ? ಹೊರಗೆ ಜಗಲಿಯ ಮೇಲೆ ಬಾಳೆಹಣ್ಣು ಸುಲಿಯುತ್ತ ತಾಯಿ ನಿಟ್ಟುಸಿರು ಬಿಟ್ಟರು. "ಸದ್ಯ ಕಣವ್ವ, ನೀನು ಓಗೋದು ತಪ್ತಲ್ಲ."

"ತಪ್ಪೋದಾ? ಅಮ್ಮ ಓಗು ಅಂದ್ಲು! ಬಲಗಡೆ ಬೀಳ್ಲಿಲ್ವಾ?"

"ನನ್ನ ಮಗಳು ಇಲ್ಲೇ ಇರ್ಲಿ ಅಂತ ನಾನು ಕೇಳ್ದೆ. ಅದ್ಕೆ ಬಿತ್ತು ಬಲಗಡೆ."

"ಓಗ್ಲಾ ಅಂತ ನಾನು ಕೇಳ್ದೆ ಕಣವ್ವ!"

ಒಂದು ಹೂವಿಗೆ ಇಬ್ಬರು ಕೇಳಿದ್ದರು. ನ್ಯಾಯ ಪೂಜಾರಿಯ ಮುಂದೆ ಹೋಯಿತು. ಅವನು ಹಣೆ ಬಡಿದುಕೊಂಡು, "ನಾಕು ಜನ ಕೇಳ್ಕಂಡು ನಗ್ತಾರೆ. ಒಬ್ರು ಕೇಳುವಾಗ ಇನ್ನೊಬ್ರು ಬಾಯ್ಮುಚ್ಕೊಂಡಿರ್ಬೇಕು, ಮನ್ಸಿನ ಬಾಯಿನೂವೆ. ಇನ್ನು ಈ ಮಾತ್ನ ಅಮ್ಮನ ಮುಂದೆ ಎತ್ತಂಗಿಲ್ಲ" ಎಂದು ಬಾಗಿಲು ಹಾಕಿಕೊಂಡ. ರತ್ನಕ್ಕ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒದರಿದಳು. ಆ ಕಡೆಯಿಂದ ಬಂದ ಅದೇ ಹಳೇ ಉತ್ತರ ನನಗೂ ಕೇಳಿಸಿತು. ಫೋನನ್ನು ಬ್ಯಾಗಿಗೆ ಎಸೆದಳು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಅವಳು ನನ್ನ ಪಕ್ಕ ಬಂದು ಕೂತದ್ದು ನೋಡಿ ನನಗೆ ಗಾಬರಿಯಾಯಿತು. ಅಲ್ಲಕ್ಕ, ನಿನಗೆ ನಿಜವಾಗಿ ಏನು ಬೇಕು ಎಂದು ಕೇಳಿದೆ. ಕಿಟಕಿಯಾಚೆಯ ಕಬ್ಬಿನ ಗದ್ದೆಗಳ ಕಡೆ ಮುಖ ಮಾಡಿ ಹೇಳಿದಳು.

"ಬ್ಯಾಡ ಅಂತ ಆ ಮನುಸ ಒಂದ್ಸಲ ಅನ್ಲಿ ಕಣಮ್ಮಿ. ಅವ್ವ ಅಂತಾಳೆ, ಅವ್ವಂದಿರು ಎಲ್ಲರ್ಗೂ ಅಂತಾರೆ. ಇಪ್ಪತ್ತು ವರ್ಸ ಒಂದೇ ಮನೇಲಿ ಬಾಳಿವ್ನಿ. ನಾನು ಇದ್ರೂ ಒಂದೇ, ಓದ್ರೂ ಒಂದೇ ಅನ್ನೋದಾದ್ರೆ ಯಾವ ದೈರ್ಯದ ಮ್ಯಾಲೆ ಅಷ್ಟು ದೂರ ಓಗ್ಲಿ? ಯಾವ ಮಕ ಇಟ್ಕೊಂಡು ಇಲ್ಲೇ ಇರ್ಲಿ?"

ಅಲ್ಲಿಯವರೆಗೆ ನಾನು ಅವಳದ್ದು ಚಪಲಚಿತ್ತ ಎಂದುಕೊಂಡಿದ್ದೆ. ಅವತ್ತು ನನಗೆ ಅವಳ ಮೇಲೆ ಅಯ್ಯೋ ಎನಿಸಿತು, ಪ್ರೀತಿಯೂ ಉಕ್ಕಿತು. ಕೈ ಹಿಡಿದುಕೊಂಡೆ. ಮಳವಳ್ಳಿ ಬರುವವರೆಗೆ ಹಿಡಿಯಲು ಬಿಟ್ಟು, ಆಮೇಲೆ ಎದ್ದು ಕಂಬಿ ಹಿಡಿದು ನಿಂತಳು. ಮರುದಿನ ಜರ್ಮನಿಯವರಿಗೆ ಬರುತ್ತೇನೆ ಎಂದು ಹೇಳಿಬಿಟ್ಟಳು. ಸಿಟ್ಟಿನಲ್ಲಿ ಹೇಳಿದ್ದು ಎಂದು ನನಗೆ ಗೊತ್ತಿತ್ತು.

ನಾನು ಅವಳನ್ನು ಕೊನೆಯದಾಗಿ ನೋಡಿದ್ದು ಹೊರಟ ದಿನದ ಸಂಜೆ. ಕೆಂಪರಾಜಣ್ಣ ಗೆಳೆಯರೊಬ್ಬರ ಕಾರು ತಂದಿದ್ದರು. ಏರ್‌ಪೋರ್ಟಿನ ದಾರಿಯಲ್ಲೇ ನನ್ನೂರು, ಡ್ಯೂಟಿ ಮುಗಿಸಿ ನಾನೂ ಅದರಲ್ಲೇ ಹತ್ತಿದೆ. ಈಗ ಹೊಸ ರಸ್ತೆಯವರೆಲ್ಲ ಮೇಲ್ಸೇತುವೆ ಹತ್ತಿ ಮದ್ದೂರಿನ ತಲೆಯ ಮೇಲಿಂದಲೇ ಹಾರಿಹೋಗುತ್ತಾರೆ. ಕೆಂಪರಾಜಣ್ಣ ಕೆಳಗಿನ ಹಳೇ ರಸ್ತೆಯನ್ನೇ ಹಿಡಿದು, ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಡುತ್ತ, ಟೀಗೆ ಒಮ್ಮೆ, ಟಯರಿನ ಗಾಳಿ ನೋಡಲು ಒಮ್ಮೆ ನಿಲ್ಲಿಸುತ್ತ ಬಂದರು. ಟೀ ಯಾರೂ ಪೂರ್ತಿ ಕುಡಿಯಲಿಲ್ಲ. "ಪ್ಲೇನು ನಿಮ್ಮಪ್ಪಂದಾ, ಕಾದಿರಕ್ಕೆ?" ಎಂದು ರತ್ನಕ್ಕ ಹಲ್ಲು ಕಡಿದಳು.

ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧದ ಹತ್ತಿರ ನಾನು ಇಳಿದೆ. ರತ್ನಕ್ಕನೂ ಇಳಿದು ನನ್ನನ್ನು ತಬ್ಬಿಕೊಂಡಳು. ಅಣ್ಣ ಇಳಿದು ಮುಂದಿನ ಗಾಜನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಗಾಜು ಚೊಕ್ಕವಾಗಿಯೇ ಇತ್ತು.

"ಓಗ್ಬ್ಯಾಡ ಕಣಮ್ಮಿ" ಎಂದರು.

ಗಾಜನ್ನು ನೋಡಿಕೊಂಡೇ ಹೇಳಿದ್ದರಿಂದ ಯಾರಿಗೆ ಹೇಳಿದರೆಂದು ನನಗೆ ಮೊದಲು ತಿಳಿಯಲಿಲ್ಲ. ಅವರು ಬಟ್ಟೆ ಹಿಡಿದ ಕೈ ನಿಲ್ಲಿಸಿ ಹೆಂಡತಿಯ ಕಡೆ ತಿರುಗಿದರು. "ನೀನು ಓಗ್ಬ್ಯಾಡ. ನಂಗೆ ಆಗಕಿಲ್ಲ."

ರತ್ನಕ್ಕ ನನ್ನನ್ನು ಬಿಟ್ಟಳು. "ಈಗ ಏಳ್ತೀಯಲ್ಲ! ವೀಸಾ ಬಂದು, ಟಿಕೇಟಾಗಿ, ಅರ್ಧ ದಾರಿಗೆ ಬಂದು ಈಗ ಏಳ್ತೀಯಲ್ಲ! ಇಷ್ಟ್ ದಿನ ಬಾಯ್ಗೆ ಬೀಗ ಆಕಿದ್ದಾ?"

"ನಾನು ಬ್ಯಾಡ ಅಂದ್ರೆ ನೀನು ನಿಂತ್ಬುಡ್ತೀಯ ಅಂತ ಗೊತ್ತಿತ್ತು. ಅದ್ಕೇ ಅನ್ಲಿಲ್ಲ. ಈಗ ತಡ್ಕೊಳಕ್ಕಾಗ್ಲಿಲ್ಲ."

ರಸ್ತೆ ಬದಿಯಲ್ಲಿ ನಿಂತು ರತ್ನಕ್ಕ ಗಟ್ಟಿಯಾಗಿ ಅತ್ತಳು. ಬೈಕಿನವರು ನಿಧಾನ ಮಾಡಿ ನೋಡಿಕೊಂಡು ಹೋದರು. ಮುಗಿಯಿತು, ಕಾರು ಇಲ್ಲಿಂದಲೇ ಮಂಡ್ಯಕ್ಕೆ ತಿರುಗುತ್ತದೆ ಎಂದುಕೊಂಡೆ. ನಾಳೆಯೂ ಡ್ಯೂಟಿಗೆ ಇವಳಿರುತ್ತಾಳೆ ಎಂದು ಒಳಗೊಳಗೇ ಖುಷಿಯಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಕೈಯಿಂದ ಬಟ್ಟೆ ಕಿತ್ತುಕೊಂಡು ಅವರ ಮುಖವನ್ನೂ ಒರೆಸಿ, ಕಾರಿನೊಳಗೆ ಹೋಗಿ ಕೂತಳು.

"ನಡಿ, ಗಾಡಿ ತಗಿ."

"ಯಾವ ಕಡೀಕೆ?" ಎಂದರು ಅಣ್ಣ.

"ಬೆಂಗ್ಳೂರ್ ಕಡೀಕೆ."

ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ನನಗೆ ಹೇಳಿದಳು, "ಈಗ ಓಗ್ಬೋದು ಕಣಮ್ಮಿ."

ಕಾರು ಹೊರಟಿತು. ಅಷ್ಟು ಹೊತ್ತು ತೆವಳಿಸಿಕೊಂಡು ಬಂದಿದ್ದ ಅಣ್ಣ ಈಗ ಜೋರಾಗಿಯೇ ಓಡಿಸಿದರು.