ತಾಂಬೂಲದ ದಿನ ಕೂಗಿದ ಚಕ್ರ

ಮೊನ್ನೆ ತಿರುಪ್ಪೂರಿನಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟು ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಯಾರೋ ಸೀಮೆಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತಿದ್ದರು. ಹಳೆಯ ಗ್ರೀಸಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಡ್ರೈವರಣ್ಣ ಕಣ್ಣೆದುರು ಬಂದು ನಿಂತರು...

ಎಂಬತ್ತರ ದಶಕ. ತಿರುಪ್ಪೂರಿನ ಕಡೆಯ ಅನ್ನೂರಿನಲ್ಲಿ, ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯಲ್ಲಿ ಸ್ವಂತ ಪಿಕಪ್ ವ್ಯಾನ್ ಇದ್ದದ್ದು ಅವರೊಬ್ಬರಿಗೇ. ಗಿರಣಿಗಳ ನೂಲನ್ನು ತಿರುಪ್ಪೂರಿಗೆ ಒಯ್ಯುತ್ತಿದ್ದರು. ಬರುವಾಗ ಬನಿಯನ್ ಕಾರ್ಖಾನೆಯ ಚೂರು ಬಟ್ಟೆಗಳನ್ನು ತರುತ್ತಿದ್ದರು. ನಾವು ಅದನ್ನು ‘ವೇಸ್ಟು’ ಎನ್ನುತ್ತೇವೆ. ನಮ್ಮ ಕಡೆ ಕೈ ಒರೆಸುವುದಕ್ಕೂ ವೇಸ್ಟೇ, ಮಗ್ಗ ಒರೆಸುವುದಕ್ಕೂ ವೇಸ್ಟೇ. ವ್ಯಾನಿನ ರಿಪೇರಿಯನ್ನೂ ಅವರೇ ಮಾಡಿಕೊಳ್ಳುತ್ತಿದ್ದರು. ಜಂಬಕ್ಕೇನೂ ಕಡಿಮೆ ಇರಲಿಲ್ಲ. “ನನ್ ಕೈ ಬಿದ್ದ ಚಕ್ರ ಬಾಯ್ ತೆಗ್ಯಲ್ಲ” ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಆ ವರ್ಷ ಅಕ್ಕನಿಗೆ ಕುನ್ನತ್ತೂರಿನಲ್ಲಿ ಗಂಡು ಗೊತ್ತಾಯಿತು. ಗಂಡಿನ ಮನೆ ನೋಡಿ ತಾಂಬೂಲ ಬದಲಿಸಿಕೊಂಡು ಬರಲು ನಾವೆಲ್ಲ ಅವರ ವ್ಯಾನ್ ಹತ್ತಿದೆವು. ಹುಡುಗಿ ಹೋಗುವಂತಿಲ್ಲ, ಅಕ್ಕ ಬಾಗಿಲಲ್ಲಿ ನಿಂತಳು. ಹಿಂದೊಮ್ಮೆ ಮಾತುಕತೆಯ ನಡುವೆ ಹಲ್ಲಿ ಲೊಚಗುಟ್ಟಿತೆಂದು ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಒಳ್ಳೆಯ ಸಂಬಂಧವನ್ನೇ ಮುರಿದು ಬಂದಿದ್ದರು. ಅವರ ಮಾತಿಗೆ ನಮ್ಮಲ್ಲಿ ಎದುರು ಮಾತಿರಲಿಲ್ಲ. ಈ ಗಂಡನ್ನಂತೂ ಅಕ್ಕ ಮನಸಾರೆ ಒಪ್ಪಿದ್ದಳು.

ಊರು ದಾಟಿದೆವೋ ಇಲ್ಲವೋ, ಮುಂದಿನ ಚಕ್ರ ಗೊರ್ರೆಂದು ಕೂಗತೊಡಗಿತು.

“ಅಳೋ ಸದ್ದು ಅದು. ಶಕುನಂ ಸರಿಯಿಲ್ಲ, ವಂಡಿ ತಿರುಗ್ಸು” ಎಂದರು ದೊಡ್ಡತ್ತೆ. ಅಪ್ಪ ತಲೆ ತಗ್ಗಿಸಿದರು.

ಡ್ರೈವರಣ್ಣ ತಿರುಗಿಸಲಿಲ್ಲ. ಇಳಿಜಾರಿನಲ್ಲಿ ಗೇರ್ ಬಿಡಿಸಿ ಇಂಜಿನ್ ನಿಲ್ಲಿಸಿದರು, ಕೂಗು ನಿಲ್ಲಲಿಲ್ಲ. ಬ್ರೇಕನ್ನು ಮೆಲ್ಲಗೆ ಒತ್ತಿದರು, ಸದ್ದು ಬದಲಾಗಲಿಲ್ಲ. ರಸ್ತೆ ಬಲಕ್ಕೆ ತಿರುಗಿದಾಗ ಜೋರಾಯಿತು, ಎಡಕ್ಕೆ ತಿರುಗಿದಾಗ ತಗ್ಗಿತು. “ಎಡಗಡೆ ಬೇರಿಂಗ್” ಎಂದವರೇ ಹುಣಸೆ ಮರದ ಕೆಳಗೆ ನಿಲ್ಲಿಸಿ ಜಾಕಿ ಕೊಟ್ಟರು. ಚಕ್ರವನ್ನು ಕೈಯಿಂದ ತಿರುಗಿಸಿದಾಗ ಒಳಗಿನ ಗರಗರ ನಮಗೂ ಕೇಳಿಸಿತು.

“ಬೇರಿಂಗ್ ತಾನಾಗೇ ಕೆಡೋದೂ ಶಕುನಾನೇ ಕಣೋ” ಎಂದು ದೊಡ್ಡತ್ತೆ ಪಟ್ಟು ಹಿಡಿದರು.

ಡ್ರೈವರಣ್ಣ ಚಕ್ರ ಬಿಚ್ಚಿದರು. ಗ್ರೀಸನ್ನೆಲ್ಲ ಹೀರಿಕೊಂಡು ಬೇರಿಂಗಿಗೆ ಸುತ್ತಿಕೊಂಡ ಒಂದು ತುಂಡು ವೇಸ್ಟು ಕೈಗೆ ಬಂತು. ಅಂಗೈಯಲ್ಲೇ ಮುಚ್ಚಿಕೊಳ್ಳುವಷ್ಟು ಚಿಕ್ಕದು. ಬೇರಿಂಗ್ ಸವೆದಿದೆ ಎಂದಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಅಕ್ಕನ ಮದುವೆ ಉಳಿಯುತ್ತಿರಲಿಲ್ಲ. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

“ತಾನಾಗಿ ಕೆಟ್ಟಿಲ್ಲಕ್ಕಾ, ನಾನೇ ಕೆಡ್ಸಿದ್ದು. ನೆನ್ನೆ ಗ್ರೀಸ್ ತುಂಬ್ದಾಗ ಕೈ ಒರ್ಸಿ ಒಳಗೇ ಮರ್ತ್ಬಿಟ್ಟೆ. ಬಯ್ಯೋದಿದ್ರೆ ನನ್ನ ಬಯ್ಯಿ.”

ದೊಡ್ಡತ್ತೆಗೆ ಅಷ್ಟು ಸಾಕಾಯಿತು. ಡ್ರೈವರಣ್ಣ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ ಚಕ್ರ ಹಾಕುವವರೆಗೂ ಬೈದರು, ಕುನ್ನತ್ತೂರು ಮುಟ್ಟುವವರೆಗೂ ಬೈದರು. ಬೈಗುಳದ ಭರದಲ್ಲಿ ಶಕುನ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ತಾಂಬೂಲ ಬದಲಾಯಿತು.

ಸುದ್ದಿ ಮಾತ್ರ ಬೀದಿಗೆ ಬಂತು. ‘ವೇಸ್ಟು ಮೆಕ್ಯಾನಿಕ್’ ಎಂಬ ಹೆಸರು ಅವರಿಗೆ ಅಂಟಿತು. ಅಷ್ಟು ಜಂಬದ ಮನುಷ್ಯ, ಅದಕ್ಕೆ ಮಾತ್ರ ನಕ್ಕುಬಿಡುತ್ತಿದ್ದರು...

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರಿಗೆ ಸಂಬಂಧಿಕರು ಹೊಸ ಬಟ್ಟೆ ಹೊದಿಸುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆ ಕೋಡಿ ಎನ್ನುತ್ತಾರೆ, ನೆರೆಯವರು ತರುವಂಥದ್ದಲ್ಲ. ಅಕ್ಕ ಕುನ್ನತ್ತೂರಿನಿಂದ ಕೋಡಿ ಹಿಡಿದೇ ಬಂದಳು. ಹಿರಿಯರೊಬ್ಬರು ತಡೆದು, “ನೀನ್ ಅವ್ರಿಗೆ ಏನಾಗ್ಬೇಕಮ್ಮಾ?” ಎಂದು ಕೇಳಿದರು.

“ತಂಗಿ” ಎಂದವಳೇ ಬಟ್ಟೆ ಹೊದಿಸಿ ಕಾಲು ಮುಟ್ಟಿದಳು.

ಈಗ ಅಕ್ಕನ ಮೊಮ್ಮಗಳಿಗೇ ಗಂಡು ನೋಡುತ್ತಿದ್ದಾರೆ. ಹೆಣ್ಣಿನ ಅಜ್ಜಿಯ ಅಣ್ಣತಮ್ಮಂದಿರು ಯಾರು ಬರುತ್ತಾರೆ ಎಂದು ಗಂಡಿನವರು ಕೇಳಿದರಂತೆ. ನಮ್ಮ ಅಪ್ಪನಿಗೆ ನಾವಿಬ್ಬರೂ ಹೆಣ್ಣುಮಕ್ಕಳು. ಅಣ್ಣ ಅಂತ ನಮಗಿದ್ದವರು ಡ್ರೈವರಣ್ಣ ಒಬ್ಬರೇ, ಅವರೂ ಇಲ್ಲ.